ಬಳ್ಳಾರಿ ಜೀನ್ಸು, ನಮ್ಮ ಆ್ಯಪು, ಉದ್ರಿ ಲೆಕ್ಕ

ಬಳ್ಳಾರಿಯಲ್ಲಿ ಜೀನ್ಸ್ ಮಾರುವುದಕ್ಕೆ ಆ್ಯಪ್ ಯಾಕೆ ಬೇಕು ಅಂತ ಕೇಳುವವರು ಈಗಲೂ ಇದ್ದಾರೆ. ಕೇಳೋದು ಸರಿಯೇ. ಇಲ್ಲಿ ಹೊಲಿದ ಪ್ಯಾಂಟು ಏಜೆಂಟರ ಕೈಯಲ್ಲಿ ಮೊದಲಿಂದಲೂ ಊರೂರಿಗೆ ಹೋಗುತ್ತಿದೆ. ನಾವು ಮಾಡಿದ್ದು ಇಷ್ಟೇ: ಕೌಲ್ ಬಜಾರಿನಂಥ ಕಡೆಯ ಜೀನ್ಸ್ ಹೊಲಿಯುವ ಸಣ್ಣ ಯುನಿಟ್‌ಗಳನ್ನೂ ಸಣ್ಣ ಊರುಗಳ ಬಟ್ಟೆ ಅಂಗಡಿಗಳನ್ನೂ ಒಂದು ಕಡೆ ಸೇರಿಸಿದೆವು. ಕೋಡ್ ಬರೆಯೋದು ಇದರಲ್ಲಿ ಸುಲಭದ ಕೆಲಸ.

ಮೊದಲ ಜಗಳ ರೇಟಿನದ್ದು. "ತಮ್ಮಾ, ರೇಟು ಫೋನಿನಾಗ ಹಾಕಿದ್ರ ಬಾಜು ಯುನಿಟ್‌ನವ ಹತ್ರುಪಾಯಿ ಇಳಸ್ತಾನ, ಆಮ್ಯಾಲ ನೀ ಬರ್ತೀಯೇನು?" ಅಂತ ಒಬ್ಬ ಯಜಮಾನರು ಕೇಳಿದರು. ಅದಕ್ಕೇ ರೇಟನ್ನು ಎಲ್ಲರಿಗೂ ತೋರಿಸುವುದಿಲ್ಲ. ಅಂಗಡಿ ನಿಜವಾದದ್ದು ಅಂತ ನಾವು ನೋಡಿದ ಮೇಲೆ ಮಾತ್ರ ಕಾಣುತ್ತದೆ. ಬೇರೆ ಯುನಿಟ್‌ನವರಿಗೆ ಕಾಣುವುದಿಲ್ಲ.

ಎರಡನೆಯದು ಅಳತೆ. ಪಟ್ಟಿಯ ಮೇಲೆ 32 ಅಂತ ಇರುತ್ತದೆ. ಪ್ಯಾಂಟು ಟೇಬಲ್ ಮೇಲೆ ಹಾಸಿ ಟೇಪ್ ಹಿಡಿದರೆ ಸೊಂಟ ಹದಿನಾರೂವರೆ ಇಂಚು, ಅಂದ್ರೆ ಸುತ್ತಳತೆ 33. ಪಕ್ಕದ ಯುನಿಟ್‌ನಲ್ಲಿ ಅದೇ 32 ಸರಿಯಾಗಿ 32. ಅಂಗಡಿಯಲ್ಲಿ ಗಿರಾಕಿ ಹಾಕಿ ನೋಡುತ್ತಾನೆ, ಫೋನಿನಲ್ಲಿ ನೋಡುವವನಿಗೆ ಅದಿಲ್ಲ. ಹಾಗಾಗಿ ನಮ್ಮ ಹುಡುಗರು ಪ್ರತಿ ಲಾಟಿನಿಂದ ಒಂದು ಪ್ಯಾಂಟು ತೆಗೆದು ಸೊಂಟ, ತೊಡೆ, ಉದ್ದ ಅಳೆದು ಬರೆಯುತ್ತಾರೆ. ಫೋಟೋ ಟ್ಯೂಬ್‌ಲೈಟಿನಲ್ಲಿ ಬೇಡ, ಬಾಗಿಲ ಹೊರಗೆ ಬಿಸಿಲಿನಲ್ಲಿ. ವಾಷಿಂಗ್‌ನಿಂದ ಬಂದ ಎರಡು ಲಾಟು ಒಂದೇ ಬಟ್ಟೆಯದ್ದಾದರೂ ಬಣ್ಣ ಒಂದೇ ಇರಬೇಕಂತಿಲ್ಲ. ಲಾಟು ಬದಲಾದರೆ ಫೋಟೋನೂ ಬದಲು. ಬೇಜಾರಿನ ಕೆಲಸ, ಆದರೆ ವಾಪಸ್ ಬರುವ ಮಾಲು ಕಮ್ಮಿಯಾಗಿದ್ದು ಇದರಿಂದಲೇ.

ಜಿಎಸ್‌ಟಿ ವಿಷಯ ಬೇಗ ಹೇಳಿಬಿಡ್ತೀನಿ. ವರ್ಷದ ವಹಿವಾಟು 40 ಲಕ್ಷದ ಒಳಗಿರುವ ಸಣ್ಣ ಯುನಿಟ್‌ಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್ ವೇದಿಕೆಯಲ್ಲಿ ಮಾರಬಹುದು, 2023ರ ಅಕ್ಟೋಬರ್ 1ರಿಂದ. ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡರೆ ಸಾಕು. ಆದರೆ ಮಾರಾಟ ರಾಜ್ಯದೊಳಗೆ ಮಾತ್ರ. ನಮಗೆ ಗುಂತಕಲ್ ಹತ್ತಿರ, ಬೀದರ್ ದೂರ. ಬೀದರಿಗೆ ಕಳಿಸಬಹುದು, ಗುಂತಕಲ್ಲಿಗೆ ಆಗಲ್ಲ, ಅದು ಆಂಧ್ರ! ನೋಂದಣಿ ಇರುವವರ ಮಾಲಿಗೆ ದುಡ್ಡು ನಮ್ಮ ಮೂಲಕ ಹೋದರೆ ನಾವು ಟಿಸಿಎಸ್, ಅಂದ್ರೆ ಮಾರಿದವರಿಗೆ ಕೊಡುವ ದುಡ್ಡಿನಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು. ಮೊದಲು ಶೇ. 1 ಇತ್ತು, 2024ರ ಜುಲೈನಿಂದ ಶೇ. 0.5.

ಇನ್ನು ಕಮಿಷನ್. ಮೊದಲ ಆರ್ಡರ್ ನಮ್ಮಲ್ಲಿ, ಎರಡನೆಯದು ನೇರವಾಗಿ ವಾಟ್ಸಾಪಿನಲ್ಲಿ, ಅಲ್ಲಿಗೆ ನಮ್ಮ ಕಮಿಷನ್ ಹೋಯಿತು. ಎರಡೂ ಕಡೆಯವರ ನಂಬರ್ ಪಾರ್ಸೆಲ್ ಬಿಲ್ಲಿನ ಮೇಲೇ ಇರುತ್ತದೆ, ಎಷ್ಟು ಅಂತ ಮುಚ್ಚಿಡೋದು? ಹೂಡಿಕೆದಾರರ ಮುಂದೆ ಕೂತರೆ ಎಲ್ಲರೂ ಇದನ್ನೇ ಕೇಳುತ್ತಾರೆ. ನನ್ನ ಪ್ರಕಾರ ನಂಬರ್ ಮುಚ್ಚಿಡೋದು ಉಪಾಯವೇ ಅಲ್ಲ. ಏಜೆಂಟ್ ಬರೀ ಗಿರಾಕಿ ತಂದುಕೊಡುತ್ತಿರಲಿಲ್ಲ, ದುಡ್ಡಿಗೆ ಜವಾಬ್ದಾರಿಯನ್ನೂ ಹೊರುತ್ತಿದ್ದ. "ಆ ಪಾರ್ಟಿ ಸರಿ ಇದೆ, ಕೊಡಿ" ಅಂದರೆ ಮಾಲು ಹೊರಡುತ್ತಿತ್ತು. ಆ ಮಾತು ನಾವು ಹೇಳುವಂತಾಗಬೇಕು. ಈಗ ಯಾವ ಅಂಗಡಿ ಹೇಳಿದ ದಿನಕ್ಕೆ ದುಡ್ಡು ಕೊಟ್ಟಿತು, ಯಾವುದು ಎಳೆದಾಡಿತು ಅನ್ನೋದು ಯುನಿಟ್‌ನವರಿಗೆ ಕಾಣುತ್ತದೆ. ಹೊರಗೆ ವ್ಯಾಪಾರ ಮಾಡಿದರೆ ಅದು ದಾಖಲಾಗಲ್ಲ. ಹೋದವರಲ್ಲಿ ಕೆಲವರು ಅದಕ್ಕೇ ವಾಪಸ್ ಬಂದರು. ಎಲ್ಲರೂ ಅಲ್ಲ.

ಸದ್ಯ ಸಿರುಗುಪ್ಪ, ಸಿಂಧನೂರು ಕಡೆಯ ಅಂಗಡಿಗಳನ್ನು ಸೇರಿಸುತ್ತಿದ್ದೇವೆ. ಅಲ್ಲಿ ಭತ್ತ ಮಾರಿದ ಮೇಲೇ ಜನರ ಕೈಯಲ್ಲಿ ದುಡ್ಡು, ಅಂಗಡಿಯವರೂ ಅಲ್ಲಿವರೆಗೆ ಉದ್ರಿ ಕೇಳುತ್ತಾರೆ. ಇಲ್ಲಿ ಯುನಿಟ್‌ನವರು ಮಾತ್ರ ಟೇಲರ್‌ಗಳಿಗೆ ವಾರವಾರ ಬಟವಾಡೆ ಮಾಡಲೇಬೇಕು. ಈ ನಡುವಿನ ದುಡ್ಡು ಯಾರು ಹಾಕೋದು ಅಂತ ಬ್ಯಾಂಕಿನವರ ಜೊತೆ ಮಾತು ನಡೆದಿದೆ. ಅವರು ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳುತ್ತಿದ್ದಾರೆ, ನಮ್ಮ ಕಂಪನಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ.