ಪೈಪು ಸದ್ದು ಮಾಡಿದರೆ ಮೊದಲು ಗಡಿಯಾರ ನೋಡಿ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಹಡಿ ಮನೆ. ಕೆಳಗೆ ಸಂಪು, ತಾರಸಿ ಮೇಲೆ ಟ್ಯಾಂಕು, ಪಕ್ಕದಲ್ಲಿ ಸೋಲಾರ್. ರಾತ್ರಿ ಕಾರ್ಪೊರೇಷನ್ ನೀರು ಬಂತೆಂದರೆ ಮಲಗುವ ಕೋಣೆಯ ಗೋಡೆಯೊಳಗೆ ‘ಗೂಂಯ್’ ಅಂತ ಶುರು. ಪ್ಲಂಬರ್ ಗೋಡೆಗೆ ಕಿವಿಯಿಟ್ಟು, “ಲೈನೆಲ್ಲ ಹೊಸದು ಹಾಕಿಸ್ಬೇಕು ಮೇಡಂ” ಅಂದ. ಟೈಲ್ಸ್ ಒಡೆಯೋ ಮಾತು ಬಂದಮೇಲೆ ನಾನೇ ಹುಡುಕೋಕೆ ನಿಂತೆ.

ಸದ್ದು ಪೈಪು ಹಿಡಿದು ಎಲ್ಲೆಲ್ಲೋ ಓಡುತ್ತೆ. ಅದಕ್ಕೇ ಎಲ್ಲಿ ಕೇಳಿಸ್ತು ಅನ್ನೋದನ್ನ ಬಿಟ್ಟು ಯಾವಾಗ ಕೇಳಿಸ್ತು ಅಂತ ನೋಡಿದೆ. ನೀರು ಬಂದ ತಕ್ಷಣ ಅಲ್ಲ, ಸಂಪು ತುಂಬುತ್ತಾ ಬಂದಾಗ! ಟಾರ್ಚ್ ಹಿಡಿದು ಮುಚ್ಚಳ ತೆಗೆದರೆ, ಸಂಪು ತುಂಬಿದಾಗ ತೇಲಿ ಮೇಲೆದ್ದು ನೀರು ನಿಲ್ಲಿಸೋ ಬಾಲ್ ವಾಲ್ವಿನ ಚೆಂಡು ಅಲೆ ಮೇಲೆ ಗಡಗಡ ನಡುಗ್ತಿತ್ತು. ಮುಚ್ಚಿಕೊಳ್ಳೋ ಹಂತದಲ್ಲಿ ವಾಲ್ವು ಸಣ್ಣಗೆ ತೆರೆದು ಮುಚ್ಚಿ ತೆರೆದು ಮುಚ್ಚಿ, ಆ ನಡುಕ ಅಡುಗೆಮನೆ ನಲ್ಲಿಗೆ ಹೋಗೋ ಡೈರೆಕ್ಟ್ ಲೈನಿನಲ್ಲಿ ಮೇಲೇರಿ ನನ್ನ ದಿಂಬಿನ ಹಿಂದೆ ಮೊಳಗ್ತಿತ್ತು. ಚೆಂಡನ್ನ ಕೈಯಲ್ಲಿ ಎತ್ತಿ ಹಿಡಿದೆ, ಗಪ್‌ಚುಪ್.

ವಾಲ್ವಿನ ಸವೆದ ವಾಷರ್ ಬದಲಾಯಿಸಿ, ಮೀಟರಿನ ಹತ್ತಿರದ ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ನೀರಿನ ರಭಸ ಇಳಿಸಿದೆ. ಅಲೆ ತಾಗದಿರಲಿ ಅಂತ ತೂತು ಕೊರೆದ ಬಕೆಟ್ಟೊಂದನ್ನ ಚೆಂಡಿನ ಸುತ್ತ ತೂಗುಹಾಕಿದೆ. ವಾಲ್ವಿನ ಬಾಯಿಗೆ ಪೈಪು ಸೇರಿಸಿ ನೀರೊಳಗೆ ಮುಳುಗಿಸಿ ಅಂತ ಕೆಲವರು ಹೇಳ್ತಾರೆ. ಬೇಡ. ಸರಬರಾಜು ನಿಂತಾಗ ಸಂಪಿನ ನೀರನ್ನ ಲೈನು ವಾಪಸ್ ಎಳೆದುಕೊಳ್ಳಬಹುದು, ಅದೇ ಲೈನಿನ ನೀರನ್ನ ತಾನೇ ನಾವು ಕುಡಿಯೋದು!

ವಾಷಿಂಗ್ ಮಷೀನು ನೀರು ನಿಲ್ಲಿಸಿದಾಗ ಬರೋ ‘ಧಡ್’ ಬೇರೆ ಕಥೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ತಾರಸಿ ಟ್ಯಾಂಕಿನಿಂದ ನಮ್ಮ ಮಹಡಿಗೆ ಅದರ ಅರ್ಧವೂ ಸಿಗಲ್ಲ. ಬರೀ ಟ್ಯಾಂಕಿನ ಒತ್ತಡ ಇದ್ದಾಗ ಸದ್ದೇ ಇರಲಿಲ್ಲ. ಶವರ್ ಜೋರಾಗಿ ಬರಲಿ ಅಂತ ಪ್ರೆಷರ್ ಪಂಪು ಕೂರಿಸಿದ ಮೇಲೆ ಶುರುವಾಯ್ತು. ಮಷೀನಿನ ವಾಲ್ವು ಪಟ್ಟಂತ ಮುಚ್ಚುತ್ತೆ, ಓಡ್ತಿದ್ದ ನೀರು ಹೋಗಿ ಗುದ್ದುತ್ತೆ. ಮಷೀನಿನ ನಲ್ಲಿಯನ್ನ ಅರ್ಧ ಮಾತ್ರ ತೆರೆದು, ಡಕ್ಟಿನಲ್ಲಿ ಜೋತಾಡ್ತಿದ್ದ ಪೈಪಿಗೆ ಕ್ಲಾಂಪ್ ಬಿಗಿದೆ. ಪೂರ್ತಿ ಹೋಗಿಲ್ಲ, ಆದರೆ ಮಗು ಏಳಲ್ಲ.

ಬೆಳಗ್ಗೆ ಸ್ನಾನದ ಹೊತ್ತಿಗೆ ಬರೋ ‘ಟಿಕ್ ಟಿಕ್’ಗೆ ನಾನೇನೂ ಮಾಡಿಲ್ಲ. ಸೋಲಾರಿನ ಬಿಸಿನೀರು ಹರಿದಾಗ ಸಿಪಿವಿಸಿ (ಬಿಸಿನೀರಿಗೆ ಹಾಕೋ ಪ್ಲಾಸ್ಟಿಕ್) ಪೈಪು ಹಿಗ್ಗುತ್ತೆ, ಮೂರು ಮೀಟರ್ ಉದ್ದಕ್ಕೆ 40 ಡಿಗ್ರಿ ಏರಿದರೆ ಏಳೆಂಟು ಮಿಲಿಮೀಟರ್. ಗೋಡೆ ದಾಟೋ ಕಡೆ ಸಿಮೆಂಟಿಗೆ ಉಜ್ಜಿ ಟಿಕ್ಕೆನ್ನುತ್ತೆ. ಆ ತೂತು ದೊಡ್ಡದು ಮಾಡಬೇಕು. ಬಣ್ಣ ಹೊಡೆಸೋವಾಗ ನೋಡಿದರಾಯ್ತು.