ನೀಂದ್ ಅಂದ್ರೆ ನಿದ್ದೆ

ನನ್ನ ಕೆಲಸ ಸಬ್‌ಟೈಟಲ್ ಬರೆಯುವುದು. ಸೇರಿದ ಹೊಸದರಲ್ಲಿ ಒಂದು ಉರ್ದು ನಾಟಕದ ರೆಕಾರ್ಡಿಂಗ್ ಕೈಗೆ ಬಂತು. ಅದರಲ್ಲಿ ಒಬ್ಬ ಅಜ್ಜಿ ಮಧ್ಯರಾತ್ರಿ ಎದ್ದು ಕೂತು ಮೊಮ್ಮಗನಿಗೆ, 'ನೀಂದ್ ನಹೀಂ ಆತೀ, ಬೇಟಾ' ಅನ್ನುತ್ತಾಳೆ. ನಾನು ಬರೆದದ್ದು: 'ನಿದ್ರಾಹೀನತೆ ನನ್ನನ್ನು ಕಾಡುತ್ತಿದೆ, ಮಗು.'

ಉರ್ದು ಅಂದರೆ ದರ್ಬಾರಿನ ಭಾಷೆ, ಅದಕ್ಕೆ ತೂಕದ ಕನ್ನಡವೇ ಬೇಕು ಅಂತ ನಂಬಿದ್ದೆ. ನೀಂದ್ ಫಾರ್ಸಿ ಪದ ಅಂತಲೂ ಅಂದುಕೊಂಡಿದ್ದೆ.

ನನ್ನ ಸಾಲುಗಳನ್ನು ತಿದ್ದುತ್ತಿದ್ದ ಹಿರಿಯರು ಕಲಬುರಗಿ ಕಡೆಯವರು, ಮನೆಮಾತು ದಖ್ಖನಿ, ಅಂದರೆ ನಮ್ಮ ದಕ್ಷಿಣದ ಕಡೆಯ ಉರ್ದು. 'ತಮ್ಮಾ, ಮುದುಕಿ ಹಿಂಗ ಮಾತಾಡ್ತಾಳೇನು? ನಮ್ಮ ಅಮ್ಮಾ ರಾತ್ರಿ ನೀಂದ್ ನೈ ಆರೀ ಅಂತಿದ್ರು. ನೀಂದ್ ಅಂದ್ರ ನಿಮ್ಮ ನಿದ್ದೀನೇ ಅದ' ಅಂದರು. ಆಮೇಲೆ 1884ರಲ್ಲಿ ಬಂದ ಪ್ಲಾಟ್ಸ್ ಅವರ ಉರ್ದು ನಿಘಂಟು ತೆಗೆದು ತೋರಿಸಿದರು. ಸಂಸ್ಕೃತದಲ್ಲಿ ನಿದ್ರಾ, ಪ್ರಾಕೃತದಲ್ಲಿ ಣಿದ್ದಾ, ಅಲ್ಲಿಂದ ನೀಂದ್. ನಮ್ಮಲ್ಲೂ ಅಷ್ಟೇ ಅಲ್ವಾ? ನಿದ್ರೆಯ 'ದ್ರ' ಸವೆದು ನಿದ್ದೆ ಆಯ್ತು, ಅವರಲ್ಲಿ ಆ ಒತ್ತೂ ಕರಗಿ ಸ್ವರ ಉದ್ದವಾಯ್ತು.

ಬಳಸುವ ರೀತಿಯಂತೂ ಇನ್ನೂ ಹತ್ತಿರ. ಅವರಿಗೆ ನೀಂದ್ 'ಆತೀ ಹೈ', ನಮಗೆ ನಿದ್ದೆ 'ಬರುತ್ತೆ'. ಗಾಬರಿಯಾದರೆ ಅವರ ನೀಂದ್ 'ಉಡ್ ಜಾತೀ ಹೈ', ನಮ್ಮ ನಿದ್ದೆ 'ಹಾರಿಹೋಗುತ್ತೆ'. ನೆಮ್ಮದಿ ಕೆಟ್ಟರೆ 'ನೀಂದ್ ಹರಾಮ್' ಅನ್ನುತ್ತಾರೆ. ಅದರಲ್ಲಿ ಒಂದು ಪದ ಸಂಸ್ಕೃತದ ಮನೆಯದು, ಇನ್ನೊಂದು ಅರಬ್ಬಿಯದು. ಎರಡೂ ಒಟ್ಟಿಗೆ ಸೇರಿದಾಗಲೇ ಅದು ಉರ್ದು. ನನಗೆ ಈ ಭಾಷೆ ಮೇಲೆ ಪ್ರೀತಿ ಹುಟ್ಟಿದ್ದೇ ಅವತ್ತು.

ಅದೇ ನಾಟಕದಲ್ಲಿ ಅಜ್ಜಿ ಮುಂದೆ 'ಖ್ವಾಬ್' ಅಂತಾಳೆ. ಇದು ನಿಜವಾಗಲೂ ಫಾರ್ಸಿಯಿಂದ ಬಂದದ್ದು. ಫಾರ್ಸಿಯಲ್ಲಿ ಖ್ವಾಬ್ ಅಂದರೆ ನಿದ್ದೆಯೂ ಹೌದು, ಕನಸೂ ಹೌದು. ಉರ್ದುವಿನಲ್ಲಿ ಜಾಸ್ತಿ ಬಳಕೆ ಕನಸಿಗೆ. ನಿದ್ದೆಯ ಕೆಲಸವನ್ನು ನೀಂದ್ ನೋಡಿಕೊಳ್ಳುತ್ತೆ. ಸುಮ್ನೆ ಕುತೂಹಲಕ್ಕೆ ಹುಡುಕಿದರೆ ಖ್ವಾಬ್ ಕೂಡ ದೂರದವಳಲ್ಲ, ಸಂಸ್ಕೃತದ ಸ್ವಪ್ನಕ್ಕೆ ಒಡಹುಟ್ಟು! ಸಂಸ್ಕೃತದಲ್ಲಿ 'ಸ್ವ' ಇರುವಲ್ಲಿ ಫಾರ್ಸಿಯಲ್ಲಿ 'ಖ್ವ' ಇದೆ.

ಆಮೇಲೆ ನನ್ನ ಫೈಲನ್ನು ಮೊದಲಿನಿಂದ ಓದಿದೆ. ರಾತ್, ಹಾಥ್, ಆಂಖ್ ಬಂದ ಕಡೆಯಲ್ಲೆಲ್ಲ ನಾನು ಕಟ್ಟಿದ್ದ ಭಾರದ ಪದಗಳನ್ನು ಕಿತ್ತು ರಾತ್ರಿ, ಕೈ, ಕಣ್ಣು ಅಂತ ಬರೆದೆ. ಅಜ್ಜಿಯ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದು ಹೀಗಾಯ್ತು: 'ನಿದ್ದೆ ಬರ್ತಿಲ್ಲ ಕಣೋ, ಮಗಾ.'