ತವರಿನ ಉತಾರದಲ್ಲಿ ನನ್ನ ಹೆಸರು

ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರು ಹೊಲದ ಉತಾರಕ್ಕೆ, ಅಂದರೆ ಪಹಣಿಗೆ, ತಮ್ಮ ಹೆಸರು ಏರಿಸಲು ಹೊರಟರು. ಗದಗ ಜಿಲ್ಲೆಯ ಎರೆ ಹೊಲ, ಅಜ್ಜನ ಕಾಲದ್ದು. "ಯಕ್ಕಾ, ಒಂದು ಸಹಿ ಮಾಡಿ ಹೋಗು" ಎಂದ ದೊಡ್ಡವನು. ನನ್ನ ಪಾಲು ಬಿಟ್ಟುಕೊಟ್ಟೆ ಎನ್ನುವ ಬಿಡುಗಡೆ ಪತ್ರ ಅದಾಗಲೇ ಟೈಪ್ ಆಗಿತ್ತು. ನಾನು ಮಾಡಲಿಲ್ಲ. ಪಾಲು ನನ್ನ ಹೆಸರಿಗಿರಲಿ, ಪೀಕು ನೀವೇ ತಗೊಳ್ಳಿ ಎಂದೆ. "ನಿನ್ನ ಮದುವಿಗೆ ಖರ್ಚು ಮಾಡಿಲ್ಲೇನು?" ಎಂದ ಸಣ್ಣವನು.

ಜಗಳ ಅಲ್ಲಿಗೇ ಮುಗಿಯಿತು. ಇನ್ನೊಂದಿಷ್ಟು ಆಗಿದ್ದರೆ ಒಳ್ಳೆಯದಿತ್ತು, ಮಾತಾದರೂ ಇರುತ್ತಿತ್ತು. ಈಗ ಫೋನೇ ಇಲ್ಲ. ಅವರ ಮಗಳ ಕಿವಿ ಚುಚ್ಚಿಸಿದ್ದು ನನಗೆ ಸ್ಟೇಟಸ್ ನೋಡಿ ಗೊತ್ತಾಯಿತು.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಕರ್ನಾಟಕ 1994ರಲ್ಲೇ ಕಾನೂನು ತಂದಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು.

ಅಪ್ಪನ ಅಕ್ಕ ಎಂದೂ ಹೊಲ ಕೇಳಲಿಲ್ಲ. ಪ್ರತಿ ಪಂಚಮಿಗೆ ಅಪ್ಪನೇ ಬಂಡಿ ಕಟ್ಟಿಕೊಂಡು ಹೋಗಿ ಕರೆತರುತ್ತಿದ್ದ. ರೊಟ್ಟಿ ಪಂಚಮಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮರುದಿನ ಹುತ್ತಕ್ಕೆ ಹಾಲು, ಶೇಂಗಾ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ಹೊರಡುವಾಗ ಗುಳೇದಗುಡ್ಡದ ಖಣ ಇಟ್ಟು ಅವ್ವ ಉಡಿ ತುಂಬುತ್ತಿದ್ದಳು. ಅಪ್ಪನ ಪ್ರೀತಿ ನಿಜವಾದದ್ದೇ. ಆದರೆ ಅತ್ತೆ ಪಾಲು ಕೇಳಿದ್ದರೆ ಆ ಬಂಡಿ ಅವರ ಬಾಗಿಲಿಗೆ ಹೋಗುತ್ತಿತ್ತಾ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಪಾಲು ಬಿಟ್ಟುಕೊಟ್ಟರೆ ಮಾತ್ರ ತವರು ಅಂತಾದರೆ, ಆ ಷರತ್ತು ನನಗೆ ಒಪ್ಪಿಗೆಯಿಲ್ಲ.

ನನಗಿಂತ ಅವ್ವನಿಗೇ ಒಂಟಿತನ ಜಾಸ್ತಿ. ಮಕ್ಕಳು ಮೊಮ್ಮಕ್ಕಳ ನಡುವೆ ಇದ್ದಾಳೆ, ಆದರೆ ನನ್ನ ಹೆಸರು ಎತ್ತುವಂತಿಲ್ಲ. ತಮ್ಮಂದಿರು ಹೊಲಕ್ಕೆ ಹೋದಾಗ ಸಣ್ಣ ಸೊಸೆ ಫೋನ್ ಹಚ್ಚಿಕೊಡುತ್ತಾಳೆ. ಆ ಹುಡುಗಿಯ ಋಣ ನಾನು ಮರೆಯುವುದಿಲ್ಲ. ಮೊಣಕಾಲು ನೋವು, ಎಮ್ಮೆ ಈದದ್ದು, ಮಳೆ ಕೈಕೊಟ್ಟದ್ದು, ಎಲ್ಲ ಹೇಳುತ್ತಾಳೆ ಅವ್ವ. ಆಸ್ತಿಯ ಮಾತು ಇಲ್ಲ. ಒಮ್ಮೆ ಮಾತ್ರ ಕೇಳಿದಳು, "ನಮ್ಮಪ್ಪನ ಹೊಲದಾಗ ನಂಗೂ ಪಾಲು ಇತ್ತೇನವ್ವಾ?"

ಇರಬೇಕಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಹಿ ಮಾಡಬ್ಯಾಡ, ಆದ್ರ ಬಾ" ಎಂದಳು.

ಈ ಪಂಚಮಿಗೆ ಕರೆಯಲು ಯಾರೂ ಬರದಿದ್ದರೂ ಹೋಗುತ್ತಿದ್ದೇನೆ. ತಮ್ಮಂದಿರ ಮಕ್ಕಳಿಗೆ ಉಂಡಿ ಕಟ್ಟಿಟ್ಟಿದ್ದೇನೆ, ಆ ಹುಡುಗಿಗೆ ಒಂದು ಖಣ ತಂದಿದ್ದೇನೆ. ತಮ್ಮಂದಿರು ಮಾತಾಡದಿದ್ದರೆ ಅವ್ವನ ಪಕ್ಕ ಕೂತು ಉಂಡು ಬರುತ್ತೇನೆ.